ಅತ್ತೆ ಏನೂ ಎಸೆಯೋಕೆ ಬಿಡಲ್ಲ, ಮನೆ ಹಗುರ ಮಾಡೋದು ಹೇಗೆ?

ಪ್ರಶ್ನೆ: ಎರಡು ಕೋಣೆ ಮನೆ, ಆರು ಜನ. ಎಲ್ಲಿ ನೋಡಿದರೂ ಸಾಮಾನು. ಏನಾದರೂ ತೆಗೆಯೋಕೆ ಹೋದರೆ ಅತ್ತೆ “ಇರ್ಲಿ ಬಿಡವಾ, ಬೇಕಾಗತೈತಿ” ಅಂತಾರೆ. ಸಂಜೆಯಾದರೆ ಬರೀ ಕಿರಿಕಿರಿ. ಬೇಕಿಂಗ್ ಮಾಡಿದರೆ ಮನಸ್ಸು ಹಗುರಾಗುತ್ತದೆ ಅಂತ ಕೇಳಿದ್ದೇನೆ. ಆದರೆ ಓವನ್ ಇಲ್ಲ, ತಂದರೂ ಇಡೋಕೆ ಜಾಗ ಇಲ್ಲ. ಎಲ್ಲಿಂದ ಶುರು ಮಾಡಲಿ?

ಅಡುಗೆಮನೆ ಕಟ್ಟೆಯಿಂದ. ಅದೂ ಪೂರ್ತಿ ಕಟ್ಟೆ ಬೇಡ, ಒಂದು ಪರಾತ ಇಡುವಷ್ಟು ಜಾಗ ಖಾಲಿಯಾದರೆ ಸಾಕು.

ಮೊದಲು ಅತ್ತೆಯ ಮಾತಿಗೆ ಬರೋಣ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿಗಳು ಹೋದವು, ಜನ ಇಲ್ಲಿಗೆ ಬಂದರು. ಮನೆ ಮುಳುಗಡೆ ಆಯಿತು, ಸಾಮಾನು ಮಾತ್ರ ಜೊತೆಗೆ ಬಂತು. ದೊಡ್ಡ ಮನೆಯಲ್ಲಿ ಆರಾಮಾಗಿದ್ದ ಕೊಡ, ಹಂಡೆ, ಟ್ರಂಕು ಎಲ್ಲ ಸೈಟಿನ ಮನೆಯ ಅಟ್ಟ ಸೇರಿದವು. ನಮ್ಮ ಅತ್ತೆಯೂ ಹಾಗೆ ಬಂದವರೇ. ಇದೆಲ್ಲ ಯೋಚನೆ ಮಾಡದೆ ನಾನೊಮ್ಮೆ ಜೋಳ ಅಳೆಯುವ, ನೆಗ್ಗಿದ ಹಿತ್ತಾಳೆ ಸೇರನ್ನು ಕೇಳದೇ ಗುಜರಿಗೆ ಹಾಕಿದೆ. ಅವರು ಜಗಳ ಆಡಲಿಲ್ಲ. ನಾಲ್ಕು ದಿನ ಮಾತೇ ಆಡಲಿಲ್ಲ! ಅವರ ತವರಿನಿಂದ ಬಂದದ್ದಂತೆ ಅದು. ಅವತ್ತಿನಿಂದ ಇನ್ನೊಬ್ಬರ ಸಾಮಾನು ನಾನು ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ನಿಮ್ಮದೇ ಸಾಮಾನು ಏನು ಕಡಿಮೆ ಇರುತ್ತದಾ? ಮುಚ್ಚಳ ಇಲ್ಲದ ಡಬ್ಬಿ, ಡಬ್ಬಿ ಇಲ್ಲದ ಮುಚ್ಚಳ, ಹೋಟೆಲಿನಿಂದ ಬಂದ ಪ್ಲಾಸ್ಟಿಕ್ಕು, ಕೆಟ್ಟು ಕೂತ ಮಿಕ್ಸರ್. ನಮ್ಮ ಕಟ್ಟೆ ಮೇಲೆ ಇಂಥದ್ದೇ ಒಂದು ಬುಟ್ಟಿ ತುಂಬ ಸಿಕ್ಕಿತು. ತೆಗೆಯಬೇಕೋ ಬೇಡವೋ ಅನ್ನುವಂಥವನ್ನು ಒಂದು ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದಿಡಿ. ಮೂರು ತಿಂಗಳು ಯಾರೂ ಅದನ್ನು ಕೇಳದಿದ್ದರೆ ಕಳಿಸಿಬಿಡಿ.

ಹಳೆ ಸೀರೆಗಳದ್ದು ಬೇರೆ ಕಥೆ. ಅವನ್ನು ಎಸೆಯುವ ಮಾತೇ ಎತ್ತಬೇಡಿ, “ಕೌದಿ ಹೊಲಿಸೋಣೇನ್ರಿ ಅತ್ತಿ?” ಅಂತ ಕೇಳಿ. ನಾನು ಕೇಳಿದ್ದೇ ತಡ, ವರ್ಷಗಟ್ಟಲೆ ಮುಚ್ಚಿದ್ದ ಟ್ರಂಕು ತಾನಾಗೇ ತೆರೆಯಿತು. ಯಾವುದು ಒಳಗಿನ ಪದರಕ್ಕೆ, ಯಾವುದು ಮೇಲಕ್ಕೆ ಅಂತ ಅವರೇ ಆರಿಸುತ್ತಾ ಕೂತರು.

ಇನ್ನು ಬೇಕಿಂಗ್. ಅದರಿಂದ ಮನೆಯ ಜಗಳವೆಲ್ಲ ನಿಲ್ಲುತ್ತದೆ ಅಂತ ನಾನೇನೂ ಹೇಳಲ್ಲ. ಆದರೆ ಕೈ ಹಿಟ್ಟಾದಾಗ ಫೋನ್ ಮುಟ್ಟೋಕೆ ಆಗಲ್ಲ, ಒಲೆ ಮೇಲಿಟ್ಟ ಮೇಲೆ ಕಾಯುವುದು ಬಿಟ್ಟು ಬೇರೆ ಕೆಲಸ ಇರಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಕಡೆ ಸುಮ್ನೆ ಕೂರುವುದು ಆ ಇಪ್ಪತ್ತು ನಿಮಿಷ ಮಾತ್ರ.

ಓವನ್ ಬೇಡ. ಅಟ್ಟದ ಮೇಲೆ ದಪ್ಪ ತಳದ ದೊಡ್ಡ ಬೋಗಾಣಿ ಒಂದು ಇದ್ದೇ ಇರುತ್ತದೆ (ಅತ್ತೆ ಹೇಳಿದ್ದು ನಿಜ ನೋಡಿ, ಬೇಕಾಯಿತು!). ತಳಕ್ಕೆ ಒಂದು ಬೆರಳು ದಪ್ಪ ಹರಳುಪ್ಪು ಹಾಕಿ. ಉಪ್ಪು ಕಾವನ್ನು ಹಿಡಿದಿಟ್ಟು ಸಮನಾಗಿ ಕೊಡುತ್ತದೆ. ಅದರ ಮೇಲೆ ಒಂದು ಸ್ಟ್ಯಾಂಡ್ ಇಡಿ, ತಟ್ಟೆ ನೇರವಾಗಿ ಉಪ್ಪಿನ ಮೇಲೆ ಕೂತರೆ ಅಡಿ ಸೀಯುತ್ತದೆ. ಮುಚ್ಚಿ ಹತ್ತು ನಿಮಿಷ ಕಾಯಿಸಿ. ನಾನ್‌ಸ್ಟಿಕ್ ಪಾತ್ರೆ ಮಾತ್ರ ಬೇಡ, ಅದು ಖಾಲಿಯಾಗಿ ಅಷ್ಟು ಹೊತ್ತು ಕಾಯಬಾರದು.

ಮೊದಲ ಸಲ ಕೇಕಿಗೆ ಕೈ ಹಾಕಬೇಡಿ, ನಾನಖಟಾಯಿ ಮಾಡಿ. ಅರ್ಧ ಬಟ್ಟಲು ಗಟ್ಟಿ ತುಪ್ಪ, ಅರ್ಧ ಬಟ್ಟಲು ಸಕ್ಕರೆ ಪುಡಿ ಸೇರಿಸಿ ಬೆಳ್ಳಗಾಗುವ ತನಕ ಕೈಯಲ್ಲೇ ತಿಕ್ಕಿ. ಈ ಕೆಲಸ ಮಕ್ಕಳಿಗೆ ಕೊಡಿ. ಆಮೇಲೆ ಅರ್ಧ ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಜೋಳದ ಹಿಟ್ಟು, ಎರಡು ಚಮಚ ಕಡಲೆ ಹಿಟ್ಟು, ಕಾಲು ಟೀ ಚಮಚ ಬೇಕಿಂಗ್ ಪೌಡರ್, ಏಲಕ್ಕಿ. ಜೋಳದಲ್ಲಿ ಗ್ಲುಟೆನ್ (ಹಿಟ್ಟನ್ನು ಹಿಡಿದಿಡುವ ಜಿಗುಟು) ಇಲ್ಲ, ಎಳೆದರೆ ಹರಿಯುತ್ತದೆ, ಅದಕ್ಕೇ ಅಲ್ವಾ ರೊಟ್ಟಿಯನ್ನು ಬಿಸಿನೀರಲ್ಲಿ ನಾದಿ ತಟ್ಟುವುದು. ಬರೀ ಜೋಳದಲ್ಲಿ ಕೇಕ್ ಮಾಡಿದರೆ ಪುಡಿಪುಡಿ ಆಗುವುದೂ ಅದಕ್ಕೇ. ಖಟಾಯಿಗೆ ಮಾತ್ರ ಆ ಪುಡಿಪುಡಿ ಗುಣವೇ ಬೇಕು. ನೀರು ಹಾಕಬೇಡಿ, ಹಿಟ್ಟು ಮುಷ್ಟಿಯಲ್ಲಿ ನಿಲ್ಲದಿದ್ದರೆ ಇನ್ನೊಂದು ಚಮಚ ತುಪ್ಪ. ಉಂಡೆ ಕಟ್ಟಿ, ಸ್ವಲ್ಪ ಒತ್ತಿ, ಉಬ್ಬಲು ಜಾಗ ಬಿಟ್ಟು ತಟ್ಟೆಯಲ್ಲಿಡಿ. ತಟ್ಟೆಯನ್ನು ಕಾದ ಬೋಗಾಣಿಯ ಸ್ಟ್ಯಾಂಡ್ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ತೆಗೆದಾಗ ಮೆತ್ತಗೇ ಇರುತ್ತವೆ, ಹಸಿ ಅಂದುಕೊಂಡು ಮತ್ತೆ ಇಡಬೇಡಿ, ಆರಿದಂತೆ ಗಟ್ಟಿಯಾಗುತ್ತವೆ.

ನಮ್ಮ ಬೇಸಿಗೆಯಲ್ಲಿ ತುಪ್ಪ ನೀರಾಗಿರುತ್ತದೆ, ಹಾಗೇ ಹಾಕಿದರೆ ಖಟಾಯಿ ಹರಡಿ ಚಪ್ಪಟೆ ಆಗುತ್ತವೆ. ಆಗ ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬೋಗಾಣಿಗೆ ಇಡಿ. ಫ್ರಿಜ್ಜಿನಲ್ಲಿ ಜಾಗ ಇಲ್ಲ ಅಂದರೆ, ಮುಂದಿನ ಭಾನುವಾರ ಅದನ್ನೇ ಹಗುರ ಮಾಡಿ.