ಲೋಗೋ ಬರ್ತಿದ್ರೆ ಅದು ಬ್ರಿಕ್ ಅಲ್ಲ

ನಿನ್ನೆ ಮತ್ತೊಬ್ರು ಬರ್ದಿದ್ರು, "ಕಸ್ಟಮ್ ರಾಮ್ (ROM, ಅಂದ್ರೆ ಕಂಪನಿ ಕೊಟ್ಟಿದ್ದರ ಬದಲು ಬೇರೆಯವ್ರು ಮಾಡಿದ ಆಂಡ್ರಾಯ್ಡ್) ಹಾಕೋಕೆ ಹೋಗಿ ಫೋನ್ ಬ್ರಿಕ್ ಆಯ್ತು, ಲೋಗೋ ಬರುತ್ತೆ ಹೋಗುತ್ತೆ, ಬರುತ್ತೆ ಹೋಗುತ್ತೆ" ಅಂತ. ಲೋಗೋ ಬರ್ತಿದೆ ಅಂದ್ಮೇಲೆ ಬ್ರಿಕ್ ಹೆಂಗಾಗುತ್ತೆ ಮಾರಾಯ್ರೇ, ಅದು ಬೂಟ್‌ಲೂಪ್, ಅಂದ್ರೆ ಫೋನ್ ಪೂರ್ತಿ ಆನ್ ಆಗ್ದೆ ಮತ್ತೆ ಮತ್ತೆ ಮೊದ್ಲಿಂದ ಶುರುವಾಗೋದು.

ಬ್ರಿಕ್ ಅಂದ್ರೆ ಇಟ್ಟಿಗೆ. ಪವರ್ ಬಟನ್ ಒತ್ತಿದ್ರೂ ಚಾರ್ಜರ್ ಚುಚ್ಚಿದ್ರೂ ಒಂದು ವೈಬ್ರೇಶನ್ನೂ ಇಲ್ದೆ ಬಿದ್ದಿರುತ್ತಲ್ಲ, ಅದಕ್ಕೆ ಈ ಪದ. ತಪ್ಪು ಬಳಕೆ ಇವತ್ತಿಂದೇನಲ್ಲ. 2007ರ ಸೆಪ್ಟೆಂಬರಲ್ಲಿ ಆಪಲ್ 1.1.1 ಅಪ್‌ಡೇಟ್ ಬಿಟ್ಟಾಗ, ಬೇರೆ ಕಂಪನಿ ಸಿಮ್ ಹಾಕೋಕೆ ಅಂತ ಅನ್‌ಲಾಕ್ ಮಾಡ್ಕೊಂಡಿದ್ದ ಐಫೋನುಗಳು ಆಕ್ಟಿವೇಶನ್ ಪರದೆ ದಾಟ್ದೇ ನಿಂತ್ವು, ಜನ ಅದನ್ನ ಐಬ್ರಿಕ್ ಅಂತಾನೇ ಕರೆದ್ರು, ಮುಂದಿನ ತಿಂಗಳೇ ಅವುಗಳಿಗೆ ಜೀವ ತರೋ ದಾರಿನೂ ಸಿಕ್ತು. ಪರದೆ ಕಾಣಿಸ್ತಿದ್ರೆ ಅದೆಂಥ ಇಟ್ಟಿಗೆ?

ಈಗ ಸಾಫ್ಟ್ ಬ್ರಿಕ್, ಹಾರ್ಡ್ ಬ್ರಿಕ್ ಅಂತ ಎರಡು ಮಾಡಿ ಹೇಳ್ತಾರೆ. ನಮ್ಮಲ್ಲಿ ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಅಂದ್ರೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. ಹಸೀದಾದ್ರೆ ನೀರು ಹಾಕಿ ಕಲಸಿ ಮತ್ತೆ ಅಚ್ಚಿಗೆ ಹಾಕ್ಬೋದು, ಸುಟ್ಟಿದ್ದನ್ನ ಆಗಲ್ಲ.

ಫೋನ್ ಆನ್ ಆಗುವಾಗ ಮೊದ್ಲು ಚಿಪ್ ಒಳಗಿನ ಅಳಿಸೋಕಾಗದ ಕೋಡ್ ಏಳುತ್ತೆ, ಅದು ಬೂಟ್‌ಲೋಡರನ್ನ (ಫೋನನ್ನ ಶುರು ಮಾಡಿಸೋ ಸಣ್ಣ ಪ್ರೋಗ್ರಾಮ್) ಎಬ್ಬಿಸುತ್ತೆ, ಬೂಟ್‌ಲೋಡರ್ ಕರ್ನಲ್‌ನ (ಸಿಸ್ಟಮ್‌ನ ತಿರುಳು), ಆಮೇಲೆ ಆಂಡ್ರಾಯ್ಡ್. ಲಿನಿಯೇಜ್‌ನಂಥ ಕಸ್ಟಮ್ ರಾಮ್ ಹಾಕುವಾಗ ಸಾಮಾನ್ಯವಾಗಿ ಬದಲಾಗೋದು ಕೊನೇ ಎರಡು ಮೆಟ್ಟಿಲು ಅಷ್ಟೇ. ಅಲ್ಲಿ ಎಡವಿದ್ರೆ ಬೂಟ್‌ಲೋಡರ್ ಇನ್ನೂ ಬದುಕಿರುತ್ತೆ. ಬೇರೆ ಮಾಡೆಲ್‌ನ ಬೂಟ್‌ಲೋಡರ್ ಫೈಲ್ ತಂದು ತುರುಕಿದ್ರೆ ಮಾತ್ರ ನಿಜವಾದ ಗಂಡಾಂತರ. ಆಗ್ಲೂ ಕ್ವಾಲ್‌ಕಾಮ್ ಚಿಪ್ ಇದ್ರೆ ಕಂಪ್ಯೂಟರಿಗೆ ಚುಚ್ಚಿದಾಗ 9008 ಅನ್ನೋ ನಂಬರ್ ಕಾಣಿಸ್ಬೋದು, ಆ ಇಡಿಎಲ್ ಮೋಡ್‌ನಿಂದ (ಚಿಪ್‌ನ ತುರ್ತು ಡೌನ್‌ಲೋಡ್ ದಾರಿ) ಎಷ್ಟೋ ಫೋನ್ ಎದ್ದಿವೆ, ಆದ್ರೆ ಆ ಮಾಡೆಲ್‌ಗೆ ಸರಿಹೊಂದೋ, ಡಿಜಿಟಲ್ ಸಹಿ ಇರೋ ಫೈಲ್ ಬೇಕು, ಅದು ಸಿಗೋದೇ ಕಷ್ಟ.

ನನಗೆ ಈ ಪದದ ಮೇಲೆ ಇಷ್ಟು ಹಟ ಯಾಕೆ ಅಂದ್ರೆ, ನಮ್ಮ ಚಿಕ್ಕಪ್ಪನ ಮಗ ಹಿಂಗೇ ರಾಮ್ ಹಾಕಿ ಸಿಕ್ಕಾಕ್ಕೊಂಡಾಗ ಅಂಗಡಿಯವ್ರು "ಬ್ರಿಕ್ ಆಗಿದೆ, ಬೋರ್ಡೇ ಬದಲಾಯಿಸ್ಬೇಕು" ಅಂದ್ಬಿಟ್ರು, ಅವ್ನು ಹೊಸ ಫೋನ್ ನೋಡ್ತಾ ಕೂತಿದ್ದ. ಪವರ್ ಜೊತೆ ವಾಲ್ಯೂಮ್ ಡೌನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ, ಫಾಸ್ಟ್‌ಬೂಟ್ (ಕಂಪ್ಯೂಟರಿಂದ ಬೂಟ್‌ಲೋಡರ್ ಜೊತೆ ಮಾತಾಡೋ ಮೋಡ್) ಅಂತ ಬಂತು. ಲ್ಯಾಪ್‌ಟಾಪಿಗೆ ಚುಚ್ಚಿ 'ಫಾಸ್ಟ್‌ಬೂಟ್ ಡಿವೈಸಸ್' ಟೈಪ್ ಮಾಡಿದ್ರೆ ಸೀರಿಯಲ್ ನಂಬರ್ ತೋರಿಸ್ತು, ಅಂದ್ರೆ ಬೂಟ್‌ಲೋಡರ್ ಬದುಕಿತ್ತು. ಅದೇ ಮಾಡೆಲ್‌ನ ಕಂಪನಿ ಫರ್ಮ್‌ವೇರ್ (ಕಂಪನಿಯವ್ರೇ ಮಾಡಿದ ಫೋನ್ ಸಾಫ್ಟ್‌ವೇರ್) ವಾಪಸ್ ಹಾಕಿದ್ವಿ, ಫೋನ್ ಇವತ್ತಿಗೂ ಅವ್ನ ಜೇಬಲ್ಲಿದೆ.