ಪ್ರಮಾಣಪತ್ರ ಸರಿ, ಮದುವೆ ಯಾವತ್ತು?

ಅಮೆರಿಕದಲ್ಲಿರುವ ಗಂಡ ಬೆಂಗಳೂರಿನಲ್ಲಿರುವ ಹೆಂಡತಿಗಾಗಿ ಐ-130, ಅಂದರೆ ಸಂಗಾತಿಯನ್ನು ಅಲ್ಲಿಗೆ ಕರೆಸಿಕೊಳ್ಳುವ ವಲಸೆಯ ಮೊದಲ ಅರ್ಜಿ, ಹಾಕಿದರೂ ಅಷ್ಟೇ, ಹೆಂಡತಿ ಗಂಡನಿಗಾಗಿ ಹಾಕಿದರೂ ಅಷ್ಟೇ, ನಮ್ಮ ಸಬ್ ರಿಜಿಸ್ಟ್ರಾರ್ ಕೊಟ್ಟ ವಿವಾಹ ನೋಂದಣಿ ಪ್ರಮಾಣಪತ್ರ ಅಲ್ಲಿಯವರಿಗೆ ಪರದೇಶದ ಕಾಗದ. ಅದು ಒಪ್ಪಿಗೆಯಾಗಬೇಕಾದರೆ ಅಪೋಸ್ಟಿಲ್ (ಪರದೇಶದಲ್ಲಿ ಬಳಸುವ ಕಾಗದಕ್ಕೆ ನಮ್ಮ ಸರ್ಕಾರ ಹಾಕುವ ದೃಢೀಕರಣ) ಮಾಡಿಸಲೇಬೇಕು ಅಂತ ಬಹಳ ಮಂದಿ ನಂಬಿದ್ದಾರೆ. ಈ ಅರ್ಜಿಗೆ ಅಮೆರಿಕದ ವಲಸೆ ಇಲಾಖೆ ಅದನ್ನು ಕೇಳುವುದೇ ಇಲ್ಲ. ಏಜೆಂಟರಿಗೆ ಕೊಡುವ ಆ ದುಡ್ಡು ಉಳಿಸಿಕೊಳ್ಳಿ. ಇಲಾಖೆಯವರು ನೋಡುವುದು ಬೇರೆಯದನ್ನು: ಪತ್ರದಲ್ಲಿ ಬರೆದ ದಿನ, ಬರೆದ ಊರಿನಲ್ಲಿ, ಅಲ್ಲಿನ ಕಾನೂನು ಒಪ್ಪುವಂಥ ಮದುವೆ ನಿಜಕ್ಕೂ ಆಯಿತೇ? ಪತ್ರ ಅದಕ್ಕೊಂದು ಸಾಕ್ಷಿ, ಅಷ್ಟೇ.

ಬೆಂಗಳೂರಿನ ಫೈಲುಗಳು ಹೆಚ್ಚಾಗಿ ಎಡವುವುದು ಇಲ್ಲೇ. ನಿಶ್ಚಿತಾರ್ಥ ಮುಗಿದಿರುತ್ತದೆ, ಛತ್ರ ಸಿಕ್ಕಿರುವುದು ಎಂಟು ತಿಂಗಳ ಮೇಲೆ. ವೀಸಾಕ್ಕೆ ವರ್ಷಗಟ್ಟಲೆ ಆಗುತ್ತದಲ್ಲ, ಈಗಲೇ ರಿಜಿಸ್ಟರ್ ಮಾಡಿಸಿಬಿಡೋಣ, ಮದುವೆ ಆಮೇಲೆ ಜೋರಾಗಿ ಮಾಡೋಣ ಎಂದು ಎರಡೂ ಮನೆಯವರು ತೀರ್ಮಾನಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನೋಂದಣಿಯಾಗುವುದು ಆಗಲೇ ನಡೆದ ಮದುವೆ. ಹಾಗಾಗಿ ಅರ್ಜಿಯಲ್ಲಿ ಯಾವುದೋ ದೇವಸ್ಥಾನದ ಹೆಸರು, ಒಂದು ತಾರೀಖು ತುಂಬಿ, ಹಾರ ಹಾಕಿಕೊಂಡ ಒಂದು ಫೋಟೊ ಅಂಟಿಸುತ್ತಾರೆ. ಧಾರೆ ಇಲ್ಲ, ಮಾಂಗಲ್ಯಧಾರಣೆ ಇಲ್ಲ, ಸಪ್ತಪದಿ ಇಲ್ಲ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಇಂಥದ್ದೇ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿದೆ: 7ನೇ ಸೆಕ್ಷನ್ ಹೇಳುವ ಶಾಸ್ತ್ರ ನಡೆಯದಿದ್ದರೆ ನೋಂದಣಿಯೊಂದರಿಂದ ಮದುವೆ ಆಗುವುದಿಲ್ಲ. ವೀಸಾ ಅರ್ಜಿಗೋಸ್ಕರ ಮೊದಲೇ ನೋಂದಣಿ ಮಾಡಿಸುವ ಪರಿಪಾಠವನ್ನೂ ಆ ತೀರ್ಪು ಎತ್ತಿ ಆಡಿದೆ. ಇದರ ಪರಿಣಾಮ ನೇರ. ನಡೆದ ಜಾಗದ ಕಾನೂನಿನಲ್ಲಿ ಮದುವೆಯೇ ಅಲ್ಲದ್ದು ಅಮೆರಿಕದ ವಲಸೆ ಕಾನೂನಿನಲ್ಲೂ ಮದುವೆಯಲ್ಲ. ಐ-130 ಹಾಕಿದ ದಿನ ಮದುವೆ ಆಗಿರಲೇಬೇಕು. ಎಂಟು ತಿಂಗಳ ಮೇಲೆ ಛತ್ರದಲ್ಲಿ ಆದ ಮದುವೆ ಹಳೆಯ ಅರ್ಜಿಯನ್ನು ಉಳಿಸುವುದಿಲ್ಲ. ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ ಮೊದಲಿಂದ ಕಾಯುವುದು. 2024ರ ಏಪ್ರಿಲ್ 1ರ ದರಪಟ್ಟಿಯಲ್ಲಿ ಐ-130ರ ಶುಲ್ಕ ಆನ್‌ಲೈನಿಗೆ 625 ಡಾಲರ್, ಕಾಗದದ ಅರ್ಜಿಗೆ 675. ದುಡ್ಡಿನ ಮಾತು ಬಿಡಿ, ನಡೆಯದ ಶಾಸ್ತ್ರ ನಡೆಯಿತೆಂದು ಹೇಳಿದ್ದು ಸುಳ್ಳು ಹೇಳಿಕೆ ಎಂದು ದಾಖಲಾದರೆ ಅದು ಆ ವ್ಯಕ್ತಿಯ ಬೆನ್ನು ಬಿಡುವುದಿಲ್ಲ.

ಅವಸರ ಇರುವವರಿಗೆ ನೇರ ದಾರಿ ಎರಡಿವೆ. ಒಂದು, ಮನೆಯವರಷ್ಟೇ ಸೇರಿ ದೇವಸ್ಥಾನದಲ್ಲಿ ಪುರೋಹಿತರನ್ನು ಕರೆಸಿ ನಿಜವಾಗಿಯೂ ಶಾಸ್ತ್ರೋಕ್ತವಾಗಿ ಮದುವೆ ಮಾಡಿ, ಒಂದೊಂದು ಶಾಸ್ತ್ರದ ಫೋಟೊ ತೆಗೆದಿಟ್ಟು, ಅದೇ ತಾರೀಖಿಗೆ ನೋಂದಣಿ ಮಾಡಿಸುವುದು. ಇನ್ನೊಂದು, 1954ರ ವಿಶೇಷ ವಿವಾಹ ಕಾಯ್ದೆ. ಅಲ್ಲಿ ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಹೇಳುವ ಮಾತೇ ಮದುವೆ, ಶಾಸ್ತ್ರ ಬೇಕಿಲ್ಲ. ಆದರೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನೋಟಿಸ್ ಕೊಡುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಸಬೇಕು. ಮೂರು ವಾರದ ರಜೆ ಹಾಕಿ ಬರುವ ವರ ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ ಈ ಲೆಕ್ಕ ಹಾಕಬೇಕು. ಆಮೇಲೆ ಛತ್ರದಲ್ಲಿ ನಡೆಯುವುದು ಸಂಭ್ರಮ. ಅಧಿಕಾರಿ ಕೇಳಿದರೆ ಎರಡೂ ತಾರೀಖನ್ನು ಇದ್ದದ್ದು ಇದ್ದಂತೆ ಹೇಳಿ.

ಶಾಸ್ತ್ರ ಸರಿಯಾಗಿದ್ದವರೂ ತಾರೀಖಿನಲ್ಲಿ ತಪ್ಪುತ್ತಾರೆ. ಪ್ರಮಾಣಪತ್ರದಲ್ಲಿ ಮದುವೆಯ ದಿನ ಒಂದು, ನೋಂದಣಿಯ ದಿನ ಇನ್ನೊಂದು. ಅರ್ಜಿಗೆ ಬೇಕಾದದ್ದು ಮದುವೆಯ ದಿನ. ನಮ್ಮಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ಆಗುವುದರಿಂದ ಗೊಂದಲ ಇನ್ನೂ ಹೆಚ್ಚು. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಗ್ಗೆ ಮುಹೂರ್ತ ಎಂದು ಲಗ್ನಪತ್ರಿಕೆ ಹೇಳಿದರೆ ಭಾನುವಾರವೇ ಮದುವೆಯ ದಿನ. ಅದನ್ನು ನಮ್ಮ ಪತ್ರದಲ್ಲಿ 05/02/2023 ಎಂದು ಬರೆದಿರುತ್ತಾರೆ, ಫೆಬ್ರವರಿ 5. ಅಮೆರಿಕದ ಫಾರಂನಲ್ಲಿ ತಿಂಗಳು ಮೊದಲು. ಹಾಗೇ ನಕಲು ಮಾಡಿದರೆ ಮದುವೆ ಮೇ 2ಕ್ಕೆ ಹೋಗುತ್ತದೆ. ಈ ದಿನಕ್ಕೆ ಇನ್ನೊಂದು ಕೆಲಸವೂ ಇದೆ. ಅರ್ಜಿ ಹಾಕಿದವರು ಅಮೆರಿಕದ ಪ್ರಜೆಯಾಗಿದ್ದು, ಸಂಗಾತಿ ಅಲ್ಲಿ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1 ವೀಸಾ, ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸುವ ಅರ್ಜಿ, ಐ-751, ಹಾಕಬೇಕು. ತುಂಬಿದ್ದರೆ ಐಆರ್-1, ಹತ್ತು ವರ್ಷದ ಕಾರ್ಡ್.

ಹೆಸರಿನ ಕತೆ ನಮ್ಮ ಕಡೆ ಬಗೆಹರಿಯದ ಕತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕವಿತಾ ಎಂ.ಎಸ್.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ಅಪ್ಪನ ಹೆಸರು, ಆಧಾರ್‌ನಲ್ಲಿ ಬರೀ ‘ಕವಿತ’. ನೋಂದಣಿ ಅರ್ಜಿಯನ್ನು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತುಂಬುವಾಗಲೇ ಪಾಸ್‌ಪೋರ್ಟಿನ ಕಾಗುಣಿತವನ್ನು ಅಕ್ಷರಕ್ಕೆ ಅಕ್ಷರ ಇಳಿಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಹೆಸರು ಗೊತ್ತಿಲ್ಲ) ಎಂದು ಬಂದು, ಇದ್ದ ಹೆಸರು ಸರ್‌ನೇಮ್ ಆಗಿಬಿಡುತ್ತದೆ. ಮುಂದೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ರಗಳೆ. ಪಾಸ್‌ಪೋರ್ಟ್ ಸರಿಪಡಿಸುವುದಿದ್ದರೆ ಅದು ಮೊದಲು, ನೋಂದಣಿ ಆಮೇಲೆ.

ಯಾವ ಕಾಯ್ದೆಯಡಿ ನೋಂದಣಿ ಎಂಬುದನ್ನೂ ನೋಡಿ. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಬೌದ್ಧ, ಜೈನ, ಸಿಖ್ಖರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕ್ರೈಸ್ತ ಹುಡುಗನ ಜತೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಆ ಕಾಯ್ದೆಯಡಿ ಪತ್ರ ತಂದರೆ ಅದು ನಿಲ್ಲುವುದಿಲ್ಲ. ಅವರಿಗೆ ವಿಶೇಷ ವಿವಾಹ ಕಾಯ್ದೆಯ ದಾರಿ ಇದೆ. ಮುಸ್ಲಿಂ ದಂಪತಿಗಳಿಗೆ ವಿವಾಹ ಪತ್ರ ಕೊಡಲು ವಕ್ಫ್ ಮಂಡಳಿಗೆ 2023ರಲ್ಲಿ ರಾಜ್ಯ ಸರ್ಕಾರ ಕೊಟ್ಟಿದ್ದ ಅಧಿಕಾರಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, ಅದೊಂದನ್ನೇ ನಂಬಿ ಕೂರಬೇಡಿ. ದೇವಸ್ಥಾನದ ರಸೀದಿ, ಛತ್ರದ ಬಿಲ್ಲು ರಿಜಿಸ್ಟ್ರಾರ್‌ಗೆ ತೋರಿಸುವ ಪುರಾವೆ. ವೀಸಾಕ್ಕೆ ಸಲ್ಲಿಸುವ ಪತ್ರ ಅವಲ್ಲ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಇನ್ನೊಂದು ಹೆಜ್ಜೆ ಮುಂದೆ ಯೋಚಿಸಬೇಕು. ಸೋದರಮಾವ–ಸೋದರಸೊಸೆ ಸಂಬಂಧ ಹಿಂದೂ ವಿವಾಹ ಕಾಯ್ದೆಯಲ್ಲಿ ನಿಷಿದ್ಧ. ರೂಢಿ ಇದ್ದರೆ ಮಾತ್ರ ವಿನಾಯಿತಿ. ಆ ರೂಢಿ ಇದೆ ಎಂದು ಹಿರಿಯರಿಂದ ಅಫಿಡವಿಟ್ ಮಾಡಿಸಿಡಿ. ಇಲ್ಲಿ ಊರ್ಜಿತವಾದರೂ ಅಲ್ಲಿ ದಂಪತಿ ಇರುವ ರಾಜ್ಯದ ಕಾನೂನು ಅಡ್ಡ ಬರಬಹುದು. ಮೊದಲ ತಲೆಮಾರಿನ ಸೋದರ ಸಂಬಂಧಿಗಳ ಮದುವೆಯನ್ನು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಒಪ್ಪುತ್ತವೆ, ಟೆಕ್ಸಾಸ್ ಒಪ್ಪುವುದಿಲ್ಲ. ಸೋದರಮಾವ–ಸೋದರಸೊಸೆಯ ಮದುವೆಯನ್ನು ಬಹುತೇಕ ಯಾವ ರಾಜ್ಯವೂ ಮಾಡಗೊಡುವುದಿಲ್ಲ. ಮುಚ್ಚಿಡುವುದಂತೂ ವ್ಯರ್ಥ, ಲಗ್ನಪತ್ರಿಕೆಯೇ ವಂಶವೃಕ್ಷ ಹೇಳಿಬಿಡುತ್ತದೆ. ಅರ್ಜಿಗೆ ಮುಂಚೆ ಆ ರಾಜ್ಯದ ವಕೀಲರನ್ನು ಕೇಳಿ.

ಹಿಂದೆ ಮದುವೆಯಾಗಿದ್ದವರು ಕೋರ್ಟಿನ ವಿಚ್ಛೇದನ ಡಿಕ್ರಿ ಕೊಡಬೇಕು. ಪಂಚಾಯ್ತಿಯವರ ಮುಂದೆ ಛಾಪಾ ಕಾಗದದಲ್ಲಿ ಬರೆಸಿದ ಬಿಡುಗಡೆ ಪತ್ರ ನೆಚ್ಚಿಕೊಳ್ಳುವಂಥದ್ದಲ್ಲ. ಡಿಕ್ರಿಯ ತಾರೀಖಿಗೂ ಹೊಸ ಮದುವೆಗೂ ನಡುವೆ ಮೇಲ್ಮನವಿಯ ಅವಧಿ, ಹಿಂದೂ ವಿವಾಹ ಕಾಯ್ದೆಯ ಪ್ರಕಾರ 90 ದಿನ, ಕಳೆದಿದೆಯೇ ಎಂದು ಎಣಿಸಿ ನೋಡಿ.

ವಿಡಿಯೊ ಕರೆಯಲ್ಲಿ, ಇಬ್ಬರೂ ಬೇರೆ ಬೇರೆ ಊರಲ್ಲಿದ್ದು ಆದ ಮದುವೆಯ ಪತ್ರ ಆ ಊರಿನಲ್ಲಿ ಕ್ರಮಬದ್ಧವೇ ಇರಬಹುದು. ಆದರೆ ಅಮೆರಿಕದ ವಲಸೆ ಕಾನೂನಿನಲ್ಲಿ, ಆ ನಂತರ ಇಬ್ಬರೂ ಒಂದೆಡೆ ಸೇರಿ ಸಂಸಾರ ಮಾಡುವವರೆಗೆ ಅದು ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ ಮುದ್ರೆ, ಪ್ರಯಾಣದ ಟಿಕೆಟ್ ಜೋಪಾನ ಮಾಡಿ.

ಅರ್ಜಿ ಮಂಜೂರಾದ ಮೇಲೆ ಕಡತ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರ್‌ಗಳ ಎರಡು ಶುಲ್ಕ ಕಟ್ಟಿ, ಡಿಎಸ್-260 ಎಂಬ ವಲಸೆ ವೀಸಾದ ಫಾರಂ ತುಂಬಿ, ಪತ್ರಗಳನ್ನು ಅಪ್‌ಲೋಡ್ ಮಾಡಬೇಕು. ಜೆರಾಕ್ಸಿನ ಸ್ಕ್ಯಾನ್ ಬೇಡ, ಮೂಲ ಪ್ರತಿಯನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿ ಮುದ್ರೆಯಿದ್ದರೆ ಅದನ್ನೂ ಸೇರಿಸಿ. ಕನ್ನಡದಲ್ಲೇ ಇರುವ ಹಳೆಯ ಪತ್ರಕ್ಕೆ ಇಂಗ್ಲಿಷ್ ಅನುವಾದ ಬೇಕು. ಸೀಲಿನೊಳಗಿನ ಅಕ್ಷರ, ಅಂಚಿನ ಷರಾ ಏನೂ ಬಿಡಬಾರದು. ಕೊನೆಗೆ ಅನುವಾದಕರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ಸರಿಯಾಗಿದೆ ಎಂದು ಬರೆದು ಸಹಿ ಹಾಕಿದರೆ ಸಾಕು.

ಬೆಂಗಳೂರಿನ ಅಮೆರಿಕನ್ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವಲಸೆ ವೀಸಾದ ಸಂದರ್ಶನಕ್ಕೆ ಮುಂಬೈಗೇ ಹೋಗಬೇಕು. ಮೂಲ ಪತ್ರ, ಲಗ್ನಪತ್ರಿಕೆ, ಧಾರೆಯ ಫೋಟೊಗಳು ಕೈಯಲ್ಲಿರಲಿ. ಪತ್ರದಲ್ಲಿ ತಪ್ಪು ಕಂಡರೆ ಪೆನ್ನಿನಲ್ಲಿ ತಿದ್ದಬೇಡಿ, ನೋಂದಣಿಯಾದ ಕಚೇರಿಯಲ್ಲೇ ತಿದ್ದುಪಡಿ ಮಾಡಿಸಿ. ಹೊಸ ಪ್ರತಿ ಬಂತೆಂದು ಹಳೆಯದನ್ನು ಎಸೆಯಬೇಡಿ; ಐ-130ರ ಜತೆ ಹೋಗಿರುವುದು ಅದೇ ಆದ್ದರಿಂದ ಅಧಿಕಾರಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.