ಮೂಲೆಯ ಕತ್ತಲೆ ಎಲ್ಲಿಂದ ಬಂತು?

ಬರಿಯ ನೀಲಿ ಆಕಾಶ, ನಡುವೆ ರೆಕ್ಕೆ ಚಾಚಿ ತೇಲುತ್ತಿರುವ ಹದ್ದು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿರುತ್ತದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ತೆರೆದಾಗ ನಾಲ್ಕೂ ಮೂಲೆಗಳಲ್ಲಿ ಆಕಾಶ ಮಸಿ ಹಿಡಿದಂತಿರುತ್ತದೆ. ಇದೇ ವಿಗ್ನೆಟಿಂಗ್. ನನ್ನ ಬಳಿ ಕಲಿಯಲು ಬರುವವರು ಇಂಥ ಚಿತ್ರ ತೋರಿಸಿ, “ಸರ್, ಲೆನ್ಸ್ ಕೆಟ್ಟಿದೆಯೇ?” ಎಂದು ಕಳವಳದಿಂದ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಯಾವ ಅಪರ್ಚರ್‌ನಲ್ಲಿ ತೆಗೆದಿರಿ? (ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಂಡಿ.)

ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸನ್ನು, ಅಪರ್ಚರ್ ಪೂರ್ತಿ ತೆರೆದಿರುವಾಗ, ಕೈಯಲ್ಲಿ ಹಿಡಿದು, ಕ್ಯಾಮೆರಾಗೆ ಕೂಡಿಸುವ ಬದಿಯಿಂದ ಒಂದು ಬಿಳಿ ಗೋಡೆಯತ್ತ ನೋಡಿ. (ಸೂರ್ಯನ ಕಡೆಗೆ ಮಾತ್ರ ಎಂದೂ ಬೇಡ.) ನೇರವಾಗಿ ನೋಡಿದಾಗ ಬೆಳಕಿನ ದುಂಡನೆಯ ಬಿಲ್ಲೆ ಕಾಣುತ್ತದೆ. ಈಗ ಲೆನ್ಸನ್ನು ಸ್ವಲ್ಪವೇ ಓರೆ ಮಾಡಿ. ಆ ಬಿಲ್ಲೆಯ ಎರಡು ಪಕ್ಕಗಳು ಕತ್ತರಿಸಿಹೋಗಿ ಅದು ಬಾದಾಮಿಯ ಆಕಾರಕ್ಕೆ ಬರುತ್ತದೆ. ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರಿನ ಮೂಲೆಗೆ ಲೆನ್ಸ್ ಕಾಣುವುದೇ ಹೀಗೆ. ಉದ್ದನೆಯ ಕೊಳವೆಯ ಮುಂಬದಿಯ ಮತ್ತು ಹಿಂಬದಿಯ ಗಾಜುಗಳ ಅಂಚುಗಳು ಓರೆಯಾಗಿ ಬರುವ ಬೆಳಕನ್ನು ತಡೆಯುತ್ತವೆ. ನಿಮ್ಮ ಚಿತ್ರದಲ್ಲೇ ಇದರ ಸಾಕ್ಷಿ ಸಿಗುತ್ತದೆ: ಮಸುಕಾದ ಹಿನ್ನೆಲೆಯಲ್ಲಿ ಎಲೆಗಳ ನಡುವಿನ ಬೆಳಕಿನ ಚುಕ್ಕೆಗಳು ನಡುವೆ ದುಂಡಗೆ, ಮೂಲೆಗಳಲ್ಲಿ ಬೆಕ್ಕಿನ ಕಣ್ಣಿನಂತೆ ಇರುತ್ತವೆ.

ಓರೆಯಾಗಿ ಬೀಳುವ ಬೆಳಕು ತಾನಾಗಿಯೇ ಕುಂದುತ್ತದೆ ಎಂಬ ನಿಯಮವೂ ಇದೆ; ಕೋನದ ಕೊಸೈನಿನ ನಾಲ್ಕನೇ ಘಾತದಷ್ಟು ಎಂಬುದು ಅದರ ಲೆಕ್ಕ. ಅಗಲ ನೋಟದ ವೈಡ್ ಲೆನ್ಸುಗಳಲ್ಲಿ ಅದರ ಕಾಟ ದೊಡ್ಡದು. ಆದರೆ ಫುಲ್ ಫ್ರೇಮ್ (36×24 ಮಿ.ಮೀ.) ಸೆನ್ಸರಿನ ಮುಂದೆ 400 ಮಿ.ಮೀ. ಲೆನ್ಸ್ ಇದ್ದಾಗ ಮೂಲೆಯ ಕೋನ ಸುಮಾರು 3 ಡಿಗ್ರಿ, ನಷ್ಟ ಶೇ 1ಕ್ಕಿಂತ ಕಡಿಮೆ. ಹಾಗಾಗಿ ಟೆಲಿಫೋಟೊದಲ್ಲಿ ಆ ನಿಯಮವನ್ನು ದೂರಿ ಫಲವಿಲ್ಲ. ಇನ್ನೂ ದೊಡ್ಡ ಗಾಜು ಹಾಕಬಹುದಿತ್ತಲ್ಲ ಎಂದರೆ, 400 ಮಿ.ಮೀ. ಎಫ್/2.8 ಲೆನ್ಸಿಗೆ (ಎಫ್ ಅಂಕೆ ಕಿರಿದಾದಷ್ಟೂ ಅಪರ್ಚರ್ ದೊಡ್ಡದು) ಈಗಲೇ ಸುಮಾರು 143 ಮಿ.ಮೀ. ಅಗಲದ ಬಾಯಿ ಬೇಕು. ಮೂಲೆಗಳಿಗೂ ಪೂರ್ಣ ಬೆಳಕು ಕೊಡಲು ಹೊರಟರೆ ಆ ಭಾರವನ್ನು ಹೊತ್ತು ನಡೆಯುವವರು ಯಾರು?

ಅಪರ್ಚರನ್ನು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು) ಕಿರಿದು ಮಾಡಿದರೆ ಈ ಕತ್ತಲೆ ಬಹುಪಾಲು ಕರಗುತ್ತದೆ. ಕಿರಿದಾದ ಬೆಳಕಿನ ಬಿಲ್ಲೆಯನ್ನು ಕೊಳವೆಯ ಅಂಚುಗಳು ಅಷ್ಟಾಗಿ ಮುಟ್ಟುವುದಿಲ್ಲ. ನಾನು ಮೊದಲು ಮಾಡಿಸುವ ಪರೀಕ್ಷೆಯೂ ಇದೇ. ಎಫ್/4ರಲ್ಲಿ ಒಂದು, ಎಫ್/8ರಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಕತ್ತಲೆ ಹೋದರೆ ಅದು ಲೆನ್ಸಿನ ಸ್ವಭಾವ. ಹೋಗದೆ, ಅದರ ಗೆರೆ ಇನ್ನಷ್ಟು ಗಡುಸಾದರೆ ಏನೋ ಒಂದು ವಸ್ತು ಅಡ್ಡ ನಿಂತಿದೆ ಎಂದೇ ಅರ್ಥ.

ಒಮ್ಮೆ ಈ ಎರಡನೆಯದು ನನಗೇ ಆಯಿತು. ಇಡೀ ಬೆಳಗಿನ ಚಿತ್ರಗಳಲ್ಲಿ ಮೇಲಿನ ಎರಡು ಮೂಲೆಗಳು ಮಾತ್ರ ಕಪ್ಪು. ಹಕ್ಕಿಗಳಿಗೆ ಕಾಣದಿರಲೆಂದು ಲೆನ್ಸಿಗೆ ತೊಡಿಸಿದ್ದ ಮರೆಬಟ್ಟೆ, ಲೆನ್ಸಿನ ಬಾಯಿಗೆ ನೆರಳು ಕೊಡುವ ಹುಡ್ ದಾಟಿ ಮುಂದೆ ಜಾರಿ, ಮೇಲಿನಿಂದ ಜೋಲುಬಿದ್ದಿತ್ತು. ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಅದರ ನೆರಳು ಎಷ್ಟು ಮೆತ್ತಗಿತ್ತೆಂದರೆ ವ್ಯೂಫೈಂಡರಿನಲ್ಲಿ ನನಗೆ ಗೊತ್ತೇ ಆಗಲಿಲ್ಲ. ಕತ್ತಲೆ ನಾಲ್ಕೂ ಕಡೆ ಸಮನಾಗಿಲ್ಲದಿದ್ದರೆ ಮೊದಲು ಹುಡ್ಡನ್ನೂ ಬಟ್ಟೆಯನ್ನೂ ಮುಟ್ಟಿ ನೋಡಿ.

ನಸುಕಿನ ಬೆಳಕಿನಲ್ಲಿ ಅಪರ್ಚರ್ ಕಿರಿದು ಮಾಡುವ ಅನುಕೂಲ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಷಟರ್ ವೇಗವನ್ನೇ ಉಳಿಸಿಕೊಳ್ಳುತ್ತೇನೆ. ಅಲುಗಿದ ಹಕ್ಕಿಯನ್ನು ಯಾವ ಸಾಫ್ಟ್‌ವೇರೂ ಸರಿಪಡಿಸದು, ಮೂಲೆಯನ್ನಾದರೆ ಸರಿಪಡಿಸಬಹುದು. ರಾ ಕಡತ (ಸೆನ್ಸರ್ ಹಿಡಿದ ಕಚ್ಚಾ ಮಾಹಿತಿ) ತೆರೆದು ಆ ಲೆನ್ಸಿನ ಪ್ರೊಫೈಲ್ (ಅದರ ದೋಷಗಳನ್ನು ತಿದ್ದುವ ಸಿದ್ಧ ಲೆಕ್ಕ) ಹಾಕಿದರೆ ಸಾಕು. ಆದರೆ ಇದು ಪುಕ್ಕಟೆ ಸಿಗುವುದಲ್ಲ. ಮೂಲೆಯನ್ನು ಒಂದು ಸ್ಟಾಪ್ ಎತ್ತಿದರೆ, ಐಎಸ್‌ಒ (ಹಿಡಿದ ಬೆಳಕನ್ನು ಹಿಗ್ಗಿಸುವ ಪ್ರಮಾಣ) 3200ರಲ್ಲಿ ತೆಗೆದ ಚಿತ್ರದ ಆ ಭಾಗ 6400ರಲ್ಲಿ ತೆಗೆದಷ್ಟು ಕಾಳುಕಾಳಾಗಿ ಒರಟಾಗುತ್ತದೆ. ಹಿನ್ನೆಲೆ ದಟ್ಟ ಕಾಡಾಗಿದ್ದರೆ ನಾನು ಮೂಲೆಗಳನ್ನು ಇದ್ದಂತೆಯೇ ಬಿಡುತ್ತೇನೆ. ಆಕಾಶ, ಮಂಜು, ನೀರು ಇದ್ದಾಗ ಮಾತ್ರ ಸರಿಪಡಿಸುತ್ತೇನೆ. ಹಲವು ಚಿತ್ರಗಳನ್ನು ಜೋಡಿಸಿ ಪನೋರಮಾ ಮಾಡುವುದಾದರೆ ತಿದ್ದದೆ ಗತಿಯಿಲ್ಲ. ಇಲ್ಲದಿದ್ದರೆ ಜೋಡಣೆಯ ಜಾಗದಲ್ಲೆಲ್ಲ ಪಟ್ಟೆಗಳು ಎದ್ದು ಕಾಣುತ್ತವೆ.

ಲೆನ್ಸಿಗೆ ಪ್ರೊಫೈಲ್ ಇಲ್ಲದಿದ್ದರೆ, ಅಥವಾ ರಾತ್ರಿ ಆಕಾಶದ ಮಂದ ನೀಹಾರಿಕೆಗಳನ್ನು ತೆಗೆಯುವುದಿದ್ದರೆ, ಖಗೋಳ ಛಾಯಾಗ್ರಾಹಕರ ದಾರಿಯೇ ಸರಿ: ಫ್ಲಾಟ್ ಫ್ರೇಮ್. ಲೆನ್ಸಿನ ಬಾಯಿಗೆ ತೆಳುವಾದ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿದು, ಸೂರ್ಯ ಹುಟ್ಟುವ ಮೊದಲಿನ ಸಮ ಬೆಳಕಿನ ಆಕಾಶಕ್ಕೆ ತಿರುಗಿಸಿ 20 ಚಿತ್ರ ತೆಗೆಯಿರಿ. ಬೆಳಕಿನ ಹಂಚಿಕೆ ತೋರುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ನಡುವಿನಲ್ಲಿರಲಿ. ಸಾಫ್ಟ್‌ವೇರ್ ಅವುಗಳ ಸರಾಸರಿ ತೆಗೆದು, ಮೂಲ ಚಿತ್ರವನ್ನು ಅದರಿಂದ ಭಾಗಿಸುತ್ತದೆ. ಮೂಲೆಯ ಕತ್ತಲೆಯ ಜೊತೆಗೆ ಸೆನ್ಸರಿನ ಮೇಲಿನ ಧೂಳಿನ ಕಲೆಗಳೂ ಹೋಗುತ್ತವೆ. ಮೂಲ ಚಿತ್ರದ ಅಪರ್ಚರ್, ಫೋಕಸ್ ಎರಡನ್ನೂ ಹಾಗೆಯೇ ಉಳಿಸಿಕೊಳ್ಳಬೇಕು, ಏಕೆಂದರೆ ಫೋಕಸ್ ಕದಲಿದರೂ ಕತ್ತಲೆಯ ಹರವು ಬದಲಾಗುತ್ತದೆ. ನಾನು ರಾತ್ರಿಯ ಕೆಲಸ ಶುರುಮಾಡುವಾಗಲೇ ಫೋಕಸ್ ಬಳೆಗೆ ಟೇಪ್ ಸುತ್ತಿರುತ್ತೇನೆ. ಬೆಳಗಿನ ಫ್ಲಾಟ್ ಫ್ರೇಮುಗಳು ಮುಗಿದ ಮೇಲೆಯೇ ಅದನ್ನು ಬಿಚ್ಚುವುದು.